ಉಡುವ ಸೀರೆ, ಕೊಡುವ ಪವರ್ ಬ್ಯಾಂಕ್

ಕಳೆದ ಗುರುವಾರ ನಮ್ಮ ಓಣಿಗೆ ನಳದ ನೀರು ಬರುವ ದಿನ. ಗಂಗಾವತಿಯ ಗೃಹಿಣಿಯರಿಗೆ ಇಷ್ಟು ಹೇಳಿದರೆ ಸಾಕು, ಉಳಿದ ಬೆಳಗು ಹೇಗಿತ್ತೆಂದು ವಿವರಿಸಬೇಕಿಲ್ಲ. ಒಂದು ಕಣ್ಣು ಪೈಪಿನ ಮೇಲೆ, ಇನ್ನೊಂದು ಕಣ್ಣು ಹಂಚಿನ ಮೇಲಿನ ರೊಟ್ಟಿಯ ಮೇಲೆ. ಅತ್ತೆಯವರು ಹಿತ್ತಲ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಯಜಮಾನರು ಪೇಪರಿನ ಹಿಂದೆ. ಹೆರಿಗೆಗೆಂದು ತವರಿಗೆ ಬಂದಿರುವ ಮಗಳು ಶ್ರುತಿ ಇನ್ನೂ ಎದ್ದಿರಲಿಲ್ಲ. ಎಂಟನೇ ತಿಂಗಳು. ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಎಚ್ಚರವಾಗುವುದಿಲ್ಲ. (ಮಲಗಲಿ ಬಿಡಿ. ಇನ್ನೆರಡು ತಿಂಗಳಿಗೆ ಅವಳಿಗೆ ನಿದ್ದೆಯೆಲ್ಲಿ?)

ಆಗ ಫೋನು ಬಂತು. ಕೈಯೆಲ್ಲ ಜೋಳದ ಹಿಟ್ಟು. ಕಿರುಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

ಕುಷ್ಟಗಿಯಿಂದ ಮಹಾದೇವಿ. ನನ್ನ ಮೈದುನನ ಹೆಂಡತಿ. ಬೆಳಗಿನ ಹೊತ್ತು ಫೋನು ಮಾಡುವ ಪೈಕಿಯವಳಲ್ಲ.

"ಅಕ್ಕಾ, ಮೊದಲ ಸ್ಪೀಕರ್ ತೆಗೀರಿ."

ತೆಗೆದೆ. ಕಿವಿಗೆಲ್ಲ ಹಿಟ್ಟಾಯಿತು.

"ಪಲ್ಲವಿ ಕೈ ಸುಟ್ಟೈತ್ರಿ. ಬಲಗೈ. ಅಂಗೈ, ಬೆರಳು. ನಿನ್ನೆನ ದವಾಖಾನಿಗೆ ಹೋಗಿ ಬಂದ್ವಿ, ಗಾಬರಿ ಆಗಬ್ಯಾಡ್ರಿ."

ಪಲ್ಲವಿ ಅವಳ ಮಗಳು. ಸೆಕೆಂಡ್ ಪಿಯುಸಿ. ಪರೀಕ್ಷೆ ಹತ್ತಿರ ಬಂದಿದೆ.

"ಎಣ್ಣಿ ಸಿಡೀತೇನವಾ?"

"ಅಲ್ರಿ. ಶ್ರುತಿ ಕುಬಸದಾಗ ಕೊಟ್ರಲ್ಲ, ಆ ಪವರ್ ಬ್ಯಾಂಕು. ಚಾರ್ಜಿಗೆ ಹಚ್ಚಿದ್ಲು. ಹೊಟ್ಟಿ ಉಬ್ಬಿದಂಗ ಉಬ್ಬಿತ್ತಂತ. ತಗದು ಹೊರಗ ಒಗಿಲಿಕ್ಕೆ ಹೋಗ್ಯಾಳ, ಕೈಯಾಗ ಢಂ ಅಂದೈತಿ."

ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅದನ್ನು ತಿರುವಿ ಹಾಕಬೇಕೆಂಬುದೂ ಹೊಳೆಯಲಿಲ್ಲ.

"ಇನ್ನೊಂದು ಕೇಳ್ರಿ ಅಕ್ಕಾ. ಒಡದ ಮ್ಯಾಲೆ ನೋಡಿದ್ರ ಒಳಗ ಉಸುಕು ಇತ್ರಿ."

"ಉಸುಕಾ?"

"ಹೂನ್ರಿ. ಸಣ್ಣ ಚೀಲದಾಗ ಹೊಳಿ ಉಸುಕು. ಒಂದ ಒಂದು ಬ್ಯಾಟರಿ, ಉಳಿದಿದ್ದೆಲ್ಲಾ ಉಸುಕು. ಕೈಯಾಗ ಹಿಡಿದ್ರ ಭಾರ ಅನಿಸ್ಲಿ ಅಂತ ತುಂಬ್ತಾರಂತ. ಇಲ್ಲಿ ಮೊಬೈಲ್ ರಿಪೇರಿಯವ ಹೇಳಿದ."

ಆಮೇಲೆ ದನಿ ಇನ್ನೂ ಸಣ್ಣದು ಮಾಡಿದಳು. "ಯಾರ ಮುಂದೂ ಆಡಬ್ಯಾಡ್ರಿ. ಎಷ್ಟಂದ್ರೂ ಉಡಿ ಸಾಮಾನು. ಕೂಸು ಕೈಗೆ ಬರೂ ತನಕ ಇಂಥಾ ಮಾತು ಬ್ಯಾಡ. ಕುಕ್ಕರಿನ ಉಗಿ ಬಡೀತು ಅಂತ ಹೇಳು ಅಂತ ಪಲ್ಲವಿಗೂ ಹೇಳೀನಿ."

ಮಗಳ ಕೈ ಸುಟ್ಟಿದೆ. ಆದರೂ ಅವಳಿಗೆ ನನ್ನ ಮಗಳ ಬಸಿರಿನ ಚಿಂತೆ! ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

*

ಕುಬಸದ, ಅಂದರೆ ಶ್ರುತಿಯ ಸೀಮಂತದ, ಕಥೆಯನ್ನು ಹೇಳುವ ಮೊದಲು ನಮ್ಮ ಕಡೆಯ ಸೀರೆ ಅಂಗಡಿಯ ಕಥೆ ಹೇಳಬೇಕು.

ಕೊಪ್ಪಳವಾಗಲಿ, ಯಲಬುರ್ಗಿಯಾಗಲಿ, ಸೀರೆ ಅಂಗಡಿಗೆ ಹೋದರೆ ಗಾದಿಯ ಮೇಲೆ ಕೂತವರು ಮೊದಲು ಬಣ್ಣ ಕೇಳುವುದಿಲ್ಲ. ರೇಟೂ ಕೇಳುವುದಿಲ್ಲ. "ಉಡೂದೇನ್ರಿ, ಕೊಡೂದೇನ್ರಿ?" ಅನ್ನುತ್ತಾರೆ. ಉಡುವುದೆಂದರೆ ಒಂದು ಕಪಾಟು, ಕೊಡುವುದೆಂದರೆ ಬೇರೆ ಕಪಾಟು. ಕೊಡುವ ಸೀರೆಗೆ ಜರಿ ಜಾಸ್ತಿ, ಜೀವ ಕಡಿಮೆ. ಅದನ್ನು ಯಾರೂ ಉಡುವುದಿಲ್ಲ ಎಂಬುದು ಕೊಟ್ಟವರಿಗೂ ಗೊತ್ತು, ಇಸಿದುಕೊಂಡವರಿಗೂ ಗೊತ್ತು. ಯಾರಿಗೂ ಬೇಜಾರಿಲ್ಲ. ಅದು ಆಯೇರಿಯಿಂದ ಆಯೇರಿಗೆ, ಒಬ್ಬರ ಮುಯ್ಯಿಯಿಂದ ಇನ್ನೊಬ್ಬರ ಮುಯ್ಯಿಗೆ, ಊರೂರು ತಿರುಗುತ್ತದೆ. ನಾನು ಒಬ್ಬರ ಉಡಿಗೆ ಹಾಕಿದ ಹಸಿರು ಜಂಪರ್ ಪೀಸೊಂದು (ರವಿಕೆ ಕಣ), ಮೂಲೆಯಲ್ಲಿ ನಮ್ಮ ಮನೆಯದೇ ಅರಿಸಿನದ ಕಲೆ ಸಮೇತ, ಮುಂದೆಂದೋ ಯಲಬುರ್ಗಿಯ ಮದುವೆಯಲ್ಲಿ ನನ್ನ ಉಡಿಗೇ ಬಂದು ಬಿದ್ದಿತ್ತು. ಗುರುತು ಹಿಡಿದು ನಕ್ಕಿದ್ದೆ. ಮತ್ತೆ ಮುಂದಕ್ಕೆ ಕಳಿಸಿದ್ದೆ.

ಶ್ರುತಿಯ ಕುಬಸಕ್ಕೆ ಬಂದ ಹೆಣ್ಣುಮಕ್ಕಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಸಿನ ಬೇರಿನ ಜೊತೆ ಏನು ಹಾಕಬೇಕು ಎಂಬ ಚರ್ಚೆ ನಮ್ಮ ಮನೆಯಲ್ಲಿ ಸುಮಾರು ದಿನ ನಡೆಯಿತು. ಸ್ಟೀಲ್ ಡಬ್ಬಿ? ಎಲ್ಲರ ಮನೆಯಲ್ಲೂ ಡಬ್ಬಿಯೊಳಗೆ ಡಬ್ಬಿ ಇವೆ. ಪ್ಲಾಸ್ಟಿಕ್ ಬುಟ್ಟಿ? ಹಳೆಯದಾಯಿತು. ಆಯೇರಿ ಸಾಮಾನು ಮಾರುವ ಅಂಗಡಿಗೆ ಹೋದೆವು. ಅಂಗಡಿಯವರು ಸ್ಟೀಲಿನ ಕಡೆ ಕೈಯೇ ಮಾಡಲಿಲ್ಲ.

"ಈಗೆಲ್ಲಾ ಇದ ಟ್ರೆಂಡಿಂಗ್ ಅಕ್ಕಾರ" ಎಂದು ಗುಲಾಬಿ ಬಣ್ಣದ ಪವರ್ ಬ್ಯಾಂಕನ್ನು ಅಂಗೈ ಮೇಲಿಟ್ಟರು. "ಹೆಸರಿನ ಸ್ಟಿಕರ್ ನಾವ ಹಚ್ಚಿ ಕೊಡ್ತೀವಿ."

ಅಂಗೈಗೆ ಭಾರವೆನಿಸಿತು. ಭಾರವಿದ್ದದ್ದು ಗಟ್ಟಿ ಎಂದು ನಮ್ಮ ಲೆಕ್ಕ. ಹಿತ್ತಾಳೆಗೂ ಅದೇ ಲೆಕ್ಕ, ಬೆಳ್ಳಿಗೂ ಅದೇ ಲೆಕ್ಕ. ಶ್ರುತಿಗಂತೂ ಆ ಬಣ್ಣ ಬಹಳ ಹಿಡಿಸಿತು. ನಲವತ್ತರ ಮೇಲೆ ತಂದೆವು. ಒಂದೊಂದರ ಬೆನ್ನಿಗೂ ಒಂದು ತಾವರೆಯ ಚಿತ್ರ, ಅದರ ಕೆಳಗೆ "ಶ್ರುತಿಯ ಕುಬಸದ ಸವಿನೆನಪಿಗೆ."

ಅತ್ತೆಯವರು ಒಂದನ್ನು ಎತ್ತಿ ಅಲ್ಲಾಡಿಸಿ ನೋಡಿದ್ದರು. "ಇದ್ಯಾವ ಡಬ್ಬಿಯವಾ? ಮುಚ್ಚಳನ ಇಲ್ಲ. ಇದರಾಗ ಏನ್ ಹಾಕಿಡಬೇಕು?"

"ಕರೆಂಟ್ ಹಾಕಿಡಬೇಕ್ರಿ ಅತ್ತಿ" ಎಂದಿದ್ದೆ. ಎಲ್ಲರೂ ನಕ್ಕಿದ್ದೆವು.

*

ಫೋನಿಟ್ಟವಳೇ ಶ್ರುತಿಯ ಕೋಣೆಗೆ ಹೋದೆ. ಅವಳು ಎಡ ಮಗ್ಗುಲಾಗಿ ಮಲಗಿದ್ದಳು. (ಡಾಕ್ಟರು ಹೇಳಿದ್ದಾರೆ.) ದಿಂಬಿನ ಪಕ್ಕ ಫೋನು. ಫೋನಿಗೆ ವೈರು. ವೈರಿನ ತುದಿ ಹಾಸಿಗೆಯ ಮೇಲಿದ್ದ ಗುಲಾಬಿ ಪವರ್ ಬ್ಯಾಂಕಿನಲ್ಲಿ. ಅದರಿಂದ ಅವಳ ಹೊಟ್ಟೆಗೆ ಒಂದು ಗೇಣು ದೂರ.

ಮುಟ್ಟಿದೆ. ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗೆ.

ವೈರು ಕಿತ್ತು, ಸೆರಗಿನಲ್ಲಿ ಹಿಡಿದು, ಹಿತ್ತಲಿಗೆ ತಂದು ಕಲ್ಲಿನ ಮೇಲಿಟ್ಟೆ. ಸ್ವಲ್ಪ ಆರಿದ ಮೇಲೆ ಉಗುರಿನಿಂದ ಆ ತಾವರೆಯ ಸ್ಟಿಕರನ್ನು ಕೆರೆದು ತೆಗೆದೆ. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟರೂ ಹಿಂಬದಿ ಓದಿದ ಮೇಲೆಯೇ ಒಡೆಯಲು ಬಿಡುತ್ತಿದ್ದರು. ಆ ರೂಢಿ ಈಗಲೂ ಇದೆ. ಔಷಧಿ, ಹಾಲಿನ ಪುಡಿ, ಉಪ್ಪಿನಕಾಯಿ, ಎಲ್ಲದರ ಹಿಂಬದಿ ಓದುತ್ತೇನೆ. ಇದರ ಹಿಂಬದಿಗೆ ಮಾತ್ರ ನನ್ನ ಮಗಳ ಹೆಸರೇ ಅಂಟಿಕೊಂಡಿತ್ತು!

ಸ್ಟಿಕರಿನ ಕೆಳಗೆ ಏನಿತ್ತು? ಇಂತಿಷ್ಟು ಸಾವಿರ ಎಂದು ಸಾಮರ್ಥ್ಯದ ದೊಡ್ಡದೊಂದು ಅಂಕಿ. ಮಾಡಿದವರ ಹೆಸರಿಲ್ಲ. ಊರಿಲ್ಲ. ಪವರ್ ಬ್ಯಾಂಕಿನಂಥ ವಸ್ತುವನ್ನು ಮಾರಬೇಕಾದರೆ ಪರೀಕ್ಷೆಯಾಗಿ, ಸರ್ಕಾರದ ಮಾನ್ಯತೆಯ ಗುರುತು, ಜೊತೆಗೊಂದು ನೋಂದಣಿ ಸಂಖ್ಯೆ ಇರಬೇಕೆಂಬ ನಿಯಮವಿದೆ. ಅಂಥದ್ದೇನೂ ಇರಲಿಲ್ಲ.

ಯೋಚಿಸಿ ನೋಡಿ. ಸಂತೆಯಲ್ಲಿ ಜೋಳ ಕೊಳ್ಳುವಾಗ ನಾವು ಒಂದು ಕಾಳು ಬಾಯಿಗೆ ಹಾಕಿ ಕಡಿದು ನೋಡುತ್ತೇವೆ. ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ಬೆಂಡೆಕಾಯಿಯ ತುದಿ ಮುರಿದು ಬೈಸಿಕೊಳ್ಳುತ್ತೇವೆ. ಚಾರ್ಜರು, ವೈರು, ಕಿವಿಯೊಳಗೆ ತುರುಕುವ ಇಯರ್ ಫೋನು? ಬಸ್ ಸ್ಟ್ಯಾಂಡಿನಲ್ಲಿ ಪೇರಲ ಹಣ್ಣಿನ ಬುಟ್ಟಿಯ ಪಕ್ಕ ನೇತು ಹಾಕಿದ್ದನ್ನು, ಬಸ್ಸಿನ ಕಿಟಕಿಯಿಂದಲೇ ಕೈ ಚಾಚಿ ಕೊಂಡುಬಿಡುತ್ತೇವೆ. ಪೇರಲವನ್ನಾದರೂ ಒತ್ತಿ ನೋಡುತ್ತೇವೆ!

*

ಎಲ್ಲವನ್ನೂ ವಾಪಸ್ ತರಬೇಕು ಎಂದೆ. ಯಜಮಾನರು ಪೇಪರು ಇಳಿಸಿದರು.

"ಒಂದು ಸುಟ್ಟಿತು ಅಂದ್ರ ಎಲ್ಲಾ ಸುಡ್ತಾವೇನು?"

"ಯಾವುದು ಸುಡೂದಿಲ್ಲ ಅಂತ ಹೆಂಗ ಗೊತ್ತಾಗಬೇಕ್ರಿ?"

ಅವರು ಪೇಪರು ಮಡಚಿಟ್ಟರು. ಉತ್ತರ ಅತ್ತೆಯವರಿಂದ ಬಂತು. ಮೆಂತ್ಯೆ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಉಡ್ಯಾಗ ಹಾಕಿದ್ದನ್ನ ವಾಪಸ್ ಕೇಳಿದವರನ್ನ ನಾ ಈ ಜನ್ಮದಾಗ ಕಂಡಿಲ್ಲ. ತುಂಬಿದ ಬಸುರಿ ಒಳಗ ಮಲಗ್ಯಾಳ. ಮಂದಿ ಉಡಿ ಖಾಲಿ ಮಾಡಿ ಬಂದು ಆಕಿ ಉಡಿ ತುಂಬಲಿ ಅಂತ ಹೆಂಗ ಬೇಡಿಕೊಳ್ತಿ?"

ನಾನು ಶಕುನ ನಂಬುವವಳಲ್ಲ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಏನೋ ಕೆಲಸವಿದೆ ಎಂದುಕೊಳ್ಳುವ ಪೈಕಿ. ಆದರೆ ಆ ಮಾತು ಕೇಳಿ ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಮಗಳ ವಿಷಯಕ್ಕೆ ಬಂದಾಗ ಯಾವ ಕಾನ್ವೆಂಟೂ ಕಾಪಾಡುವುದಿಲ್ಲ.

ಮನೆ ಮನೆಗೆ ಹೋಗುವುದು ಬೇಡ, ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜು ಹಾಕೋಣ ಎಂದರು ಯಜಮಾನರು. ಬರೆದೆ. "ಸಿಡಿದಿದೆ" ಎಂಬುದನ್ನು ಅವರು ತೆಗೆಸಿದರು. "ಸುಟ್ಟಿದೆ" ಎಂಬುದನ್ನು ಅತ್ತೆಯವರು ತೆಗೆಸಿದರು. ಉಳಿದದ್ದು ಇಷ್ಟು: "ಕುಬಸದಲ್ಲಿ ಕೊಟ್ಟ ಪವರ್ ಬ್ಯಾಂಕನ್ನು ದಯವಿಟ್ಟು ಸದ್ಯಕ್ಕೆ ಬಳಸಬೇಡಿ." ಹಾಕಿದ ತಕ್ಷಣ ಒಬ್ಬರು ಕೈ ಮುಗಿಯುವ ಚಿತ್ರ ಕಳಿಸಿದರು. ಇನ್ನೊಬ್ಬರು ಗುಲಾಬಿ ಹೂ. ಮತ್ತೊಬ್ಬರು "ಶುಭೋದಯ." ಮೆಸೇಜು ಯಾರೂ ಓದಿರಲಿಲ್ಲ. ಗ್ರೂಪಿನಲ್ಲಿ ಯಾರು ಓದುತ್ತಾರೆ?

ಅಂಗಡಿಗೆ ಹೋದೆ.

ಅಂಗಡಿಯವರು ಕೆಟ್ಟವರಲ್ಲ. ಸ್ಟೂಲು ಕೊಟ್ಟು ಕೂಡಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಪಲ್ಲವಿಯ ಕೈಯ ಸುದ್ದಿ ಹೇಳಿದೆ. "ಅಯ್ಯೋ ಶಿವನ" ಎಂದು ನಿಜವಾಗಿಯೂ ಮರುಗಿದರು. ಆಮೇಲೆ ಕೇಳಿದರು:

"ಆದ್ರ ಅಕ್ಕಾರ, ಅದನ್ನ ಚಾರ್ಜಿಗೆ ಯಾಕ ಹಾಕಿದ್ರಿ?"

"ಪವರ್ ಬ್ಯಾಂಕನ್ನ ಚಾರ್ಜಿಗೆ ಹಾಕದ ಮತ್ತೇನ್ ಮಾಡಬೇಕ್ರಿ?"

"ಅದು ಗಿಫ್ಟ್ ಐಟಂ ಅಲ್ರಿ! ಗಿಫ್ಟ್ ಐಟಂ ಯಾರರ ಬಳಸ್ತಾರೇನ್ರಿ? ನೀವು ಬಳಸೂದಕ್ಕ ಅಂದಿದ್ರ ಬ್ಯಾರೆ ತೋರಿಸ್ತಿದ್ದೆ. ಅಲ್ಲಿ ಗ್ಲಾಸಿನ ಒಳಗ ಅದಾವ ನೋಡ್ರಿ, ಕಂಪನಿ ಮಾಲು, ಬಿಲ್ಲು, ವಾರಂಟಿ ಎಲ್ಲಾ ಐತಿ. ನೀವು ಕೊಡೂದಕ್ಕ ಅಂದ್ರಿ, ಕೊಡೂದು ತೋರಿಸಿದೆ."

ವ್ಯಂಗ್ಯವಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದೆ. ಇಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಉಡುವುದು, ಕೊಡುವುದು. ಅವರು ನಮ್ಮ ಪದ್ಧತಿಯ ಪ್ರಕಾರವೇ ವ್ಯಾಪಾರ ಮಾಡಿದ್ದರು. ಆ ಪದ್ಧತಿ ಹುಟ್ಟಿದ ಕಾಲದಲ್ಲಿ ಕೊಡುವ ಸಾಮಾನಿನೊಳಗೆ ಬೆಂಕಿ ಇರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

"ಎಲ್ಲಿಂದ ತರಿಸಿದ್ರಿ?"

"ಏಜೆಂಟ್ ತಂದು ಇಳಿಸಿ ಹೋಗ್ತಾನ್ರಿ. ಯಾವ ಊರಾಂವ ಅಂತ ಕೇಳಿಲ್ಲ. ಕಂಪ್ಲೇಂಟ್ ಕೊಡೂದಿದ್ರ ಬಿಲ್ ಕೇಳ್ತಾರ ನೋಡ್ರಿ ಅಕ್ಕಾರ. ನಿಮ್ಮ ಹತ್ರ ಬಿಲ್ ಐತೇನು?"

ಇರಲಿಲ್ಲ. ಬಿಲ್ಲು ಬೇಡವೆಂದರೆ ರೇಟು ಇಳಿಯುತ್ತದೆ, ಬೇಡವೆಂದಿದ್ದೆವು.

ವಾಹನ ಕಂಪನಿಗಳು ಕೆಟ್ಟ ಗಾಡಿಗಳನ್ನು ವಾಪಸ್ ಕರೆಸಿಕೊಳ್ಳುವ ಸುದ್ದಿಯನ್ನು ಪೇಪರಿನಲ್ಲಿ ಓದುತ್ತೇವೆ. ಹೆಸರಿಲ್ಲದವನು ಮಾಡಿದ್ದನ್ನು, ಊರಿಲ್ಲದವನು ತಂದದ್ದನ್ನು, ಬಿಲ್ಲಿಲ್ಲದೆ ಕೊಂಡದ್ದನ್ನು ವಾಪಸ್ ಕರೆಯುವವರು ಯಾರು? ನಿಯಮ ಇರುವುದು ಎಲ್ಲಿ? ಗಾಜಿನ ಕಪಾಟಿನ ಒಳಗೆ. ಹೊರಗೆ ಗುಡ್ಡೆ ಹಾಕಿದ್ದನ್ನು ಕೇಳಲು ಯಾವ ಅಧಿಕಾರಿಯೂ ಬಂದದ್ದನ್ನು ನಾನು ನೋಡಿಲ್ಲ. (ಬಂದರೂ ಅವರ ಮನೆಯ ಮದುವೆಗೆ ಅಲ್ಲಿಂದಲೇ ಆಯೇರಿ ಹೋಗಿರಬಹುದು.)

*

ಕೊನೆಗೆ ಚೀಲದಲ್ಲಿ ಅಕ್ಕಿ, ಎಲೆ ಅಡಿಕೆ, ಜಂಪರ್ ಪೀಸು ತುಂಬಿಕೊಂಡು ಹೊರಟೆ. ಉಡಿ ಖಾಲಿಯಾಗಬಾರದು ತಾನೇ? ಮೊದಲು ಇದನ್ನು ಹಾಕುತ್ತೇನೆ, ಆಮೇಲೆ ಅದನ್ನು ತೆಗೆದುಕೊಳ್ಳುತ್ತೇನೆ. ಅತ್ತೆಯವರು ದೇವರ ಮುಂದಿನ ಎರಡು ತೆಂಗಿನಕಾಯಿ ತಂದು ನನ್ನ ಚೀಲಕ್ಕೆ ಹಾಕಿದರು.

ಎದುರು ಮನೆಯ ಗಿರಿಜಕ್ಕನಿಂದಲೇ ಶುರು ಮಾಡಿದೆ. ಅವರು ಕಪಾಟು ತೆಗೆದರು, ಟ್ರಂಕು ತೆಗೆದರು, ಆಮೇಲೆ ನೆನಪು ಮಾಡಿಕೊಂಡು ಹಣೆ ಬಡಿದುಕೊಂಡರು.

"ಅಯ್ಯ, ಅದನ್ನ ಸಿದ್ದಾಪುರದ ಬೀಗರಿಗೆ ಕೊಟ್ಟು ಬಂದ್ನೆಲ್ರಿ! ಅವರ ಮನಿ ತೊಟ್ಟಿಲಕ್ಕ ಹೋಗಿದ್ದೆ."

"ಅದರ ಮ್ಯಾಲೆ ಶ್ರುತಿ ಹೆಸರಿತ್ತಲ್ರಿ?"

"ಅದರ ಮ್ಯಾಲೆ ಇನ್ನೊಂದು ಸ್ಟಿಕರ್ ಹಚ್ಚಿದೆ ತಗೊಳ್ರಿ."

ಇನ್ನೆರಡು ಮನೆಗಳಲ್ಲೂ ಹೀಗೆಯೇ. ಒಂದು ಕೊಪ್ಪಳಕ್ಕೆ ಹೋಗಿದೆ, ಯಾರದೋ ಗೃಹಪ್ರವೇಶಕ್ಕೆ. ಇನ್ನೊಂದು ಯಾರಿಗೆ ಕೊಟ್ಟೆವೆಂಬುದೇ ನೆನಪಿಲ್ಲ. ಜಂಪರ್ ಪೀಸಿನಂತೆಯೇ ನಮ್ಮ ಪವರ್ ಬ್ಯಾಂಕುಗಳು ಜಿಲ್ಲೆ ಸುತ್ತುತ್ತಿದ್ದವು. ಸದ್ಯ ಯಾರೂ ಬಳಸುತ್ತಿಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು.

ಹನುಮವ್ವನ ಮನೆಗೆ ಹೋಗುವವರೆಗೆ ಮಾತ್ರ.

ಹನುಮವ್ವ ನಮ್ಮ ಮನೆಯ ಕೆಲಸಕ್ಕೆ ಬರುವವಳು. ಕುಬಸದ ದಿನ ಬೆಳಗಿನಿಂದ ಪಾತ್ರೆ ತೊಳೆದು, ಕೊನೆಗೆ ಕೈ ಒರೆಸಿಕೊಂಡು ಬಂದು ಉಡಿ ತುಂಬಿಸಿಕೊಂಡಿದ್ದಳು. ಅವಳದು ಒಂದೇ ಕೋಣೆಯ ಮನೆ. ಒಂದೇ ಪ್ಲಗ್ಗು. ಆ ಪ್ಲಗ್ಗಿನಲ್ಲಿ ನಮ್ಮ ಪವರ್ ಬ್ಯಾಂಕು. ಕೆಳಗೆ ಕೌದಿಗಳ ಅಟ್ಟಿ. ಗುಲಾಬಿ ಬಣ್ಣ ಮೂಲೆಯಲ್ಲಿ ಮಾಸಿ ಬೆಳ್ಳಗಾಗಿತ್ತು. ಅಷ್ಟು ಬಳಸಿದ್ದರು. ಶ್ರುತಿಯ ಹೆಸರಿನ ಸ್ಟಿಕರು ಮಾತ್ರ ಒಂದಿಷ್ಟೂ ಎದ್ದಿರಲಿಲ್ಲ. ಅದು ಸವೆಯಬಾರದೆಂದು ಮೇಲೆ ಅಂಟು ಟೇಪು ಹಚ್ಚಿದ್ದಳು.

"ಕೆಡಸಿಲ್ರಿ ಅಕ್ಕಾರ. ಭಾಳ ಛಲೋ ನಡದೈತಿ. ಮಗಳು ಗದ್ದಿ ಕೆಲಸಕ್ಕ ಹೋಗುವಾಗ ಉಡಿಗೆ ಕಟಗೊಂಡು ಹೊಕ್ಕಾಳ."

ಗದ್ದೆ ಕೆಲಸ. ಮೊಣಕಾಲು ಮಟ ನೀರಲ್ಲಿ ಬಗ್ಗಿ ನೆಲ್ಲು ನಾಟಿ. ಸೊಂಟದಲ್ಲಿ ಇದು.

ವಾಪಸ್ ಕೊಡು ಎಂದೆ. ಅವಳ ಮುಖ ಇಳಿಯಿತು.

"ನಾ ಏನರ ತಪ್ಪು ಮಾಡೀನೇನ್ರಿ?"

"ನಿಂದೇನೂ ತಪ್ಪಿಲ್ಲವಾ. ಅದು ಖೊಟ್ಟಿ ಐತಿ. ಬೆಂಕಿ ಹತ್ತತೈತಿ."

"ಉಳಿದವರ ಹತ್ರಾನೂ ಇಸ್ಕೊಂಡ್ರೇನ್ರಿ, ನನ್ನ ಹತ್ರ ಅಷ್ಟನ?"

ಏನು ಹೇಳಲಿ? ಉಳಿದವರ ಹತ್ತಿರ ಅದು ಇರಲೇ ಇಲ್ಲ ಎನ್ನಲೇ? ಅವರೆಲ್ಲ ಅದನ್ನು ಬಳಸಲಿಕ್ಕೆ ಲಾಯಕ್ಕಲ್ಲವೆಂದು ಬೇರೆಯವರ ಉಡಿಗೆ ಹಾಕಿಬಿಟ್ಟರು, ನೀನೊಬ್ಬಳೇ ಅದನ್ನು ನಿಜವೆಂದು ನಂಬಿದೆ ಎನ್ನಲೇ? ಕೊಡುವ ಸೀರೆಯನ್ನು ಯಾರೂ ಉಡುವುದಿಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಸುಳ್ಳು. ಊರೂರು ಸುತ್ತಿ ಕೊನೆಗೆ ಅದು ಬೇರೆ ಸೀರೆ ಇಲ್ಲದವಳ ಕೈ ಸೇರುತ್ತದೆ. ಅವಳು ಉಡುತ್ತಾಳೆ.

ಅಕ್ಕಿ, ಕಾಯಿ, ಜಂಪರ್ ಪೀಸು ಅವಳ ಉಡಿಗೆ ಹಾಕಿದೆ. ನಮ್ಮ ಯಜಮಾನರು ಬಳಸುವ ಪವರ್ ಬ್ಯಾಂಕನ್ನು ನಾಳೆ ತಂದು ಕೊಡುತ್ತೇನೆಂದು ಹೇಳಿದೆ. ಅವಳು ಪ್ಲಗ್ಗಿನಿಂದ ಕಿತ್ತು, ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾವು ಕೊಡುವಾಗ ಅಷ್ಟು ಒರೆಸಿ ಕೊಟ್ಟಿರಲಿಲ್ಲ.

*

ಮನೆಗೆ ಬಂದರೆ ಶ್ರುತಿ ಪಡಸಾಲೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತು, ಪಲ್ಲವಿಯೊಂದಿಗೆ ವಿಡಿಯೋ ಕಾಲಿನಲ್ಲಿದ್ದಳು. ತನ್ನ ಪವರ್ ಬ್ಯಾಂಕು ಕಾಣದೆ ಅಜ್ಜಿಯನ್ನು ಕೇಳಿದ್ದಾಳೆ. ಅಜ್ಜಿ ಏನೋ ತಡವರಿಸಿದ್ದಾರೆ. ಇವಳು ನೇರ ಕುಷ್ಟಗಿಗೆ ಹಚ್ಚಿದ್ದಾಳೆ.

"ಕುಕ್ಕರಿನ ಉಗಿ ಬಡೀತಕ್ಕಾ" ಎನ್ನುತ್ತಿದ್ದಳು ಪಲ್ಲವಿ ಆ ಕಡೆಯಿಂದ. ಒಪ್ಪಿಸಿದ ಪಾಠ. ಬ್ಯಾಂಡೇಜಿನ ಕೈ ದೊಡ್ಡ ಬಿಳಿ ಹೂಕೋಸಿನಂತೆ ಕಾಣುತ್ತಿತ್ತು.

"ಉಗಿ ಬಡದ್ರ ಹುಬ್ಬು ಸುಡತೈತೇನ ಹುಚ್ಚಿ?"

ಬಲ ಹುಬ್ಬು ಅರ್ಧ ಇರಲಿಲ್ಲ. ನಾನು ಫೋನಿನಲ್ಲಿ ಬರೀ ಕೈಯ ಬಗ್ಗೆ ಕೇಳಿದ್ದೆ. ಕಣ್ಣಿಗೆ ಎಷ್ಟು ಹತ್ತಿರ ಬಂದು ಹೋಗಿದೆ ಎಂಬುದು ಈಗ ಕಂಡಿತು.

ಪಲ್ಲವಿ ಅತ್ತಳು. ಆಮೇಲೆ ನಕ್ಕಳು. "ಎಡಗೈಲೆ ಬರೀಲಿಕ್ಕೆ ಕಲೀಲಿಕ್ಕತ್ತೀನಿ ಅಕ್ಕಾ. ನನ್ನ ಹೆಸರು ಬರದ್ರ ಡಾಕ್ಟರ ಸಹಿ ಆದಂಗ ಆಕ್ಕೈತಿ."

ಶ್ರುತಿ ಫೋನಿಟ್ಟಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನಾನು ಮನೆ ಮನೆ ಸುತ್ತಿ ಬಂದದ್ದನ್ನು, ಅಜ್ಜಿಯ ಭಯವನ್ನು, ಎಲ್ಲವನ್ನೂ ಹೇಳಿದೆ.

"ಅದರ ಮ್ಯಾಲೆ ಬರದಿದ್ದು ಯಾರ ಹೆಸರವಾ?" ಎಂದಳು.

"ನಿಂದು."

"ಹಂಗಾದ್ರ ನಾನ ಹೇಳ್ತೀನಿ. ನನ್ನ ಹೆಸರಿಲೆ ಮಂದಿ ಕೈ ಸುಡೂದು ಬ್ಯಾಡ."

ಒಬ್ಬೊಬ್ಬರಿಗೇ ಫೋನು ಮಾಡಲು ಕೂತಳು. ಹೂ, ಕೈಮುಗಿತ ಯಾವುದಕ್ಕೂ ಅವಕಾಶ ಕೊಡಲಿಲ್ಲ. "ಒಡದೈತ್ರಿ. ನಮ್ಮ ಪಲ್ಲವಿ ಕೈ ಸುಟ್ಟೈತ್ರಿ. ಈಗ ಎಲ್ಲಿ ಐತಿ? ಚಾರ್ಜಿಗೆ ಹಾಕಬ್ಯಾಡ್ರಿ, ಮಕ್ಕಳ ಕೈಗೆ ಕೊಡಬ್ಯಾಡ್ರಿ, ಯಾರನ್ನರ ಕಳಸ್ರಿ." ಸಿಡಿದದ್ದನ್ನು ಸಿಡಿದಿದೆ ಎಂದೇ ಹೇಳಿದಳು. ಅತ್ತೆಯವರು ಮೊದಮೊದಲು "ಬ್ಯಾಡವಾ, ಬ್ಯಾಡವಾ" ಎನ್ನುತ್ತಿದ್ದವರು, ಆಮೇಲೆ ಎದ್ದು ಹೋಗಿ ಮೊಮ್ಮಗಳ ಕಾಲ ಕೆಳಗೆ ಇನ್ನೊಂದು ದಿಂಬು ಇಟ್ಟರು.

ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ವಾಪಸ್ ಬಂದಿದ್ದವು. ಕೆಲವರು ತಾವೇ ತಂದು ಕೊಟ್ಟರು. ಕೆಲವರು ಗೇಟಿನ ಹೊರಗೇ ಇಟ್ಟು, ಉಡಿ ತುಂಬಿಸಿಕೊಳ್ಳಲು ಒಳಗೆ ಬಾರದೆ ಹೋದರು. ಇಬ್ಬರು ಸಿಟ್ಟಾದರು. ಒಬ್ಬರು, "ಕೊಟ್ಟಿದ್ದನ್ನ ಕೇಳೂ ಮಂದಿ ಯಾಕ ಕೊಡಬೇಕಿತ್ತು?" ಎಂದದ್ದು ಬಾಗಿಲವರೆಗೂ ಕೇಳಿಸಿತು. ಉಳಿದವು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಯಾವ ಹಾಸಿಗೆಯ ಮೇಲೆ, ಯಾವ ಮಗುವಿನ ಕೈಯಲ್ಲಿ, ಯಾರ ಸೊಂಟದಲ್ಲಿ?

ಬಂದವನ್ನಾದರೂ ಏನು ಮಾಡಬೇಕು? ಅಂಗಡಿಯವರು ಬೇಡ ಎಂದಿದ್ದರು. ಮಧ್ಯಾಹ್ನ ಕಸದ ಗಾಡಿಯವನನ್ನು ಕೇಳಿದ್ದಕ್ಕೆ, "ಇದು ಹಸಿ ಕಸನೋ ಒಣ ಕಸನೋ ಅಕ್ಕಾರ?" ಎಂದು ಮರುಪ್ರಶ್ನೆ ಹಾಕಿ ಗಾಡಿ ಬಿಟ್ಟುಕೊಂಡು ಹೋಗಿದ್ದ. ಹಿತ್ತಲ ಬಯಲಿನಲ್ಲಿ, ಹಳೆಯ ಕಬ್ಬಿಣದ ಬಾನಿಯಲ್ಲಿ ಒಣ ಮಣ್ಣು ಹಾಕಿ, ಒಂದಕ್ಕೊಂದು ತಾಗದಂತೆ ಇಟ್ಟೆ. ಮಣ್ಣಿನ ಮೇಲೆ ಸಾಲಾಗಿ ಗುಲಾಬಿ ಬಣ್ಣದ ಬೆನ್ನುಗಳು. ಒಂದೊಂದರ ಮೇಲೂ ನನ್ನ ಮಗಳ ಹೆಸರು. ನೋಡಲಾಗಲಿಲ್ಲ, ಮೇಲೆ ಇನ್ನಷ್ಟು ಮಣ್ಣು ಎಳೆಯಲು ಕೈ ಹಾಕಿದೆ.

ಅಷ್ಟರಲ್ಲಿ ಗಿರಿಜಕ್ಕ ಬಂದರು. ಸಿದ್ದಾಪುರಕ್ಕೆ ಫೋನು ಮಾಡಿದ್ದರಂತೆ. ಬೀಗರು ಅದನ್ನು ಯಾರಿಗೋ ಕೊಟ್ಟಿದ್ದಾರಂತೆ, ಯಾರಿಗೆಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಪಲ್ಲವಿಯ ಕೈ ಹೇಗಿದೆ ಎಂದು ಕೇಳಿದರು, ಪಾಪ, ಕಣ್ಣಲ್ಲಿ ನೀರು ತಂದುಕೊಂಡರು. ಹೊರಡುವಾಗ ಬಾನಿಯೊಳಗೆ ಇಣುಕಿ ನೋಡಿ, ಸೆರಗು ಸರಿ ಮಾಡಿಕೊಳ್ಳುತ್ತ ಅಂದರು:

"ಇಷ್ಟೊಂದು ಸುಮ್ಮನ ಮಣ್ಣಾಗ ಯಾಕ ಇಟ್ಟೀರಿ? ಹುಣ್ಣಿವಿಗೆ ಹುಲಿಗೆಮ್ಮನ ಗುಡಿಗೆ ನಡಕೊಂತ ಹೊಂಟಾರಲ್ಲ, ಆ ಬಡವರಿಗೆ ಹಂಚಿಬಿಡ್ರಿ, ಪುಣ್ಯರ ಬರತೈತಿ."